ಮಲೆನಾಡಿನ ಒಳದಾರಿಗಳಲ್ಲಿ ಸೈಕಲ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವಿಬ್ಬರು ಗೆಳೆಯರು. ಇಬ್ಬರಿಗೂ ನಲವತ್ತು ದಾಟಿದೆ. ಭಾನುವಾರ ಬೆಳಿಗ್ಗೆ ಗಾಜನೂರಿನ ತನಕ ಸೈಕಲ್ ಹೊಡೆದು ಬರುವ ಅಭ್ಯಾಸ ಇದೆ. ಈಗ ಮೂರು ದಿನ ರಜೆ ಹಾಕಿ ಮಲೆನಾಡು ಸುತ್ತೋಣ ಅಂತಿದ್ದೇವೆ. ದಿನಕ್ಕೆ ನೂರು ಕಿಲೋಮೀಟರ್ ಆಗಬಹುದಾ? ಲಾರಿ, ಬಸ್ಸಿನ ಕಾಟ ಕಡಿಮೆ ಇರುವ ದಾರಿ ಯಾವುದು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೂರು ಬೇಡ, ಅರವತ್ತು ಸಾಕು. ಕೊನೆಯ ದಿನ ಬೇಕಾದರೆ ಎಪ್ಪತ್ತು.

ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ತೀರ್ಥಹಳ್ಳಿ ಸುಮಾರು 590. ಕಾಗದದ ಮೇಲೆ ಇಪ್ಪತ್ತೇ ಮೀಟರ್ ವ್ಯತ್ಯಾಸ. ಸೈಕಲ್ ಹೊಡೆದವರ ಕಾಲು ಮಾತ್ರ ಈ ಲೆಕ್ಕ ಒಪ್ಪುವುದಿಲ್ಲ. ಕಾರಣ ಹಳ್ಳಗಳು. ನಮ್ಮ ಕಡೆಯ ರಸ್ತೆ ಒಂದು ಗುಡ್ಡದ ಮೈ ಹತ್ತುತ್ತದೆ, ಆಚೆ ಹಳ್ಳಕ್ಕೆ ಇಳಿಯುತ್ತದೆ, ಮೋರಿ ದಾಟಿದ ಕೂಡಲೇ ಮತ್ತೆ ಏರು. ಇಳಿಜಾರಿನ ವೇಗದಲ್ಲೇ ಮುಂದಿನ ಏರು ಅರ್ಧ ಹತ್ತಿಬಿಡೋಣ ಅಂದುಕೊಂಡರೆ ಸರಿಯಾಗಿ ಮೋರಿಯ ಹತ್ತಿರವೇ ತಿರುವು ಇರುತ್ತದೆ. ಬ್ರೇಕ್ ಹಿಡಿಯಲೇಬೇಕು. ಹಾಗಾಗಿ ಪ್ರತಿ ಏರನ್ನೂ ಸೊನ್ನೆಯಿಂದ ಶುರುಮಾಡಬೇಕು. ಬಯಲುಸೀಮೆಯಲ್ಲಿ ನೂರು ಕಿಲೋಮೀಟರ್ ಆರಾಮಾಗಿ ಹೊಡೆಯುವವರು ಇಲ್ಲಿ ಅರವತ್ತಕ್ಕೇ ಸುಸ್ತಾಗುವುದು ಇದಕ್ಕೇ.

ನನ್ನ ಸಲಹೆ ಹೀಗಿದೆ. ಮೊದಲ ದಿನ ಶಿವಮೊಗ್ಗದಿಂದ ಮಂಡಗದ್ದೆ ಮೇಲೆ ತೀರ್ಥಹಳ್ಳಿ, ಸುಮಾರು 60 ಕಿಲೋಮೀಟರ್. ಎರಡನೆಯ ದಿನ ಕವಲೇದುರ್ಗದ ಕೋಟೆ ನೋಡಿಕೊಂಡು ನಗರ ಅನ್ನುವ ಊರು, ಅಲ್ಲಿಂದ ಹೊಸನಗರ. ಮೂರನೆಯ ದಿನ ರಿಪ್ಪನ್‌ಪೇಟೆ, ಆಯನೂರು ಮೇಲೆ ವಾಪಸ್ ಶಿವಮೊಗ್ಗ, ಸುಮಾರು 70.

ಮೊದಲ ದಿನದ್ದು ಹೆದ್ದಾರಿ. ಅದನ್ನು ಶಾಂತ ರಸ್ತೆ ಅನ್ನಲು ಬರುವುದಿಲ್ಲ. ಬೆಳಕು ಹರಿಯುತ್ತಿದ್ದಂತೆ ಹೊರಟು, ಗಾಡಿಗಳ ಓಡಾಟ ಜಾಸ್ತಿಯಾಗುವ ಮೊದಲು ಮಂಡಗದ್ದೆ ದಾಟಿಬಿಡಿ. ಹಿಂದೆ ಮಿನುಗುವ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ. ಮರದ ನೆರಳು ದಟ್ಟವಾಗಿರುವ ಕಡೆ ಬಿಸಿಲಿಂದ ಒಳಗೆ ಬಂದ ಡ್ರೈವರ್ ಕಣ್ಣಿಗೆ ನೀವು ಒಂದೆರಡು ಕ್ಷಣ ಕಾಣುವುದೇ ಇಲ್ಲ.

ನಿಜವಾದ ಪ್ರವಾಸ ಎರಡನೆಯ ದಿನದ್ದು. ಆ ದಿನ ನೀವು ತುಂಗೆಯ ಸೀಮೆ ಬಿಟ್ಟು ಶರಾವತಿಯ ಸೀಮೆಗೆ ದಾಟುತ್ತೀರಿ. ಬೆಳಿಗ್ಗೆ ಕಂಡ ಹಳ್ಳದ ನೀರು ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿ ಸೇರುವಂಥದ್ದು. ಸಂಜೆ ಕಂಡದ್ದು ಲಿಂಗನಮಕ್ಕಿಗೆ ಹೋಗಿ, ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುವಂಥದ್ದು. ಕಾರಿನಲ್ಲಿ ಹೋದವರಿಗೆ ಇದು ಗೊತ್ತೇ ಆಗುವುದಿಲ್ಲ. ಸೈಕಲ್‌ನವರಿಗೆ ತೊಡೆ ಹೇಳುತ್ತದೆ.

ಒಳದಾರಿಗಳು ಹಲವು ಕಡೆ ಒಂದು ಕಾರಿನಷ್ಟೇ ಅಗಲ. ಡಾಂಬರಿನ ಅಂಚು ಮುರಿದು ಕೆಂಪು ಜಲ್ಲಿ ಎದ್ದಿರುತ್ತದೆ. ಎದುರಿಗೆ ಜೀಪು ಬಂದಾಗ ಓಡುತ್ತಿರುವ ಸೈಕಲನ್ನು ಅಂಚಿಗೆ ಇಳಿಸಬೇಡಿ. ಮುಂದಿನ ಚಕ್ರ ಆ ಜಲ್ಲಿಗೆ ಸಿಕ್ಕರೆ ಬೀಳುವುದು ಗ್ಯಾರಂಟಿ. ನಿಂತು, ಕಾಲು ಊರಿ, ದಾರಿ ಬಿಡಿ. ಕೆಳಗೆ ಅಡಿಕೆ ತೋಟ, ಮೇಲೆ ದರೆ. ನವೆಂಬರ್, ಡಿಸೆಂಬರಿನಲ್ಲಿ ಹೋದರೆ ಕೊಯ್ಲಿನ ಕಾಲ. ಅಂಗಳದಲ್ಲಿ ಸುಲಿದ ಅಡಿಕೆ ಹಂಡೆಯಲ್ಲಿ ಬೇಯುತ್ತಿರುತ್ತದೆ, ಚೊಗರಿನ ವಾಸನೆ ರಸ್ತೆ ತನಕ ಬರುತ್ತದೆ. ಅಂಥ ಮನೆಯಲ್ಲಿ ಕುಡಿಯಲು ನೀರು ಕೇಳಲು ಸಂಕೋಚ ಬೇಡ. ಅಂಗಳದ ಹೊರಗೇ ನಿಂತು ಕೂಗಿ, ನಾಯಿ ಇರುತ್ತದೆ.

ಕವಲೇದುರ್ಗಕ್ಕೆ ಸೈಕಲನ್ನು ಕೆಳಗೆ ಯಾರದಾದರೂ ಮನೆಯ ಹತ್ತಿರ ಹೇಳಿ ಬಿಟ್ಟು, ಕಲ್ಲುಹಾಸಿನ ದಾರಿಯಲ್ಲಿ ನಡೆದೇ ಹತ್ತಬೇಕು. ನಗರದ ಕೋಟೆ ರಸ್ತೆ ಪಕ್ಕದಲ್ಲೇ ಇದೆ. ಕೆಳದಿ ಅರಸರ ಬಿದನೂರು ಇದೇ. 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಹೈದರ್‌ನಗರ ಆಯಿತು, ಈಗ ಬರೀ ನಗರ. ಇಲ್ಲಿ ಅರ್ಧ ಗಂಟೆಯಾದರೂ ಕೂತು ಹೋಗಿ.

ಮೊಬೈಲ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ದಾರಿ ಕೇಳುವಾಗ "ಎಷ್ಟು ದೂರ" ಅಂದರೆ "ಇಲ್ಲೇ ಹತ್ರ" ಅನ್ನುತ್ತಾರೆ. "ಏರು ಎಷ್ಟಿದೆ" ಅಂತ ಕೇಳಿ, ಸರಿಯಾದ ಉತ್ತರ ಸಿಗುತ್ತದೆ. ಸಂಜೆ ಐದಕ್ಕೆ ಊರು ಸೇರಿರಬೇಕು. ಕತ್ತಲಾಗುತ್ತಿದ್ದಂತೆ ಕಾಡುಕೋಣ ರಸ್ತೆಗೆ ಬರುತ್ತವೆ.

ಪ್ರಶ್ನೆ: ಆಗುಂಬೆ ಘಾಟಿ ಇಳಿಯುವಾಗ ಅರ್ಧ ದಾರಿಯಲ್ಲಿ ರಬ್ಬರ್ ಸುಟ್ಟ ವಾಸನೆ ಬಂತು. ಸೋಮೇಶ್ವರ ತಲುಪುವ ಮೊದಲೇ ಮುಂದಿನ ಟ್ಯೂಬ್ ಢಂ ಅಂತ ಒಡೆಯಿತು. ಮೊಳೆ, ಮುಳ್ಳು ಏನೂ ಚುಚ್ಚಿರಲಿಲ್ಲ. ಯಾಕೆ ಹೀಗಾಯಿತು?
— ಕಾಲೇಜು ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ಬೀಳದೆ ಬಚಾವಾದಿರಲ್ಲ, ಅದೇ ದೊಡ್ಡದು. ಮುಂದಿನ ಟ್ಯೂಬ್ ತಿರುವಿನಲ್ಲಿ ಒಡೆದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು.

ನಿಮ್ಮದು ರಿಮ್ ಹಿಡಿಯುವ ಬ್ರೇಕ್ ಇರಬೇಕು. ಆಗುಂಬೆ ಇರುವುದು ಸುಮಾರು 640 ಮೀಟರ್ ಎತ್ತರದಲ್ಲಿ. ಅಲ್ಲಿಂದ 14 ಹೇರ್‌ಪಿನ್ ತಿರುವು ಸುತ್ತಿ ಕರಾವಳಿಯ ಮಟ್ಟಕ್ಕೆ ಇಳಿಯುತ್ತೀರಿ. ನಿಮ್ಮ ಮೈಭಾರ, ಸೈಕಲ್ ಭಾರ, ಬ್ಯಾಗಿನ ಭಾರ, ಎಲ್ಲದರ ವೇಗ ಕೊನೆಗೆ ಶಾಖವಾಗಿ ಆ ರಿಮ್ಮಿಗೇ ಹೋಗುತ್ತದೆ. ಹೆದರಿಕೆಯಿಂದ ಉದ್ದಕ್ಕೂ ಬ್ರೇಕ್ ಅರ್ಧ ಹಿಡಿದುಕೊಂಡೇ ಇಳಿದರೆ ರಿಮ್ ತಣ್ಣಗಾಗಲು ಸಮಯವೇ ಸಿಗುವುದಿಲ್ಲ. ಒಳಗಿನ ಗಾಳಿ ಬಿಸಿಯಾಗಿ ಒತ್ತಡ ಏರುತ್ತದೆ. ಟ್ಯೂಬಿಗೆ ಹಳೆಯ ಪ್ಯಾಚ್ ಇದ್ದರೆ ಅದರ ಸಲ್ಯೂಷನ್ ಮೆತ್ತಗಾಗಿ ಅಲ್ಲೇ ಬಿಟ್ಟುಕೊಳ್ಳಬಹುದು. ಘಾಟಿಗೆ ಹೋಗುವಾಗ ಮುಂದಿನ ಚಕ್ರಕ್ಕೆ ಪ್ಯಾಚ್ ಇಲ್ಲದ ಟ್ಯೂಬ್ ಹಾಕಿ. ಗಾಳಿ ಟೈರಿನ ಮೇಲೆ ಬರೆದಿರುವ ಗರಿಷ್ಠದಷ್ಟು ಬೇಡ, ಸ್ವಲ್ಪ ಕಡಿಮೆ ಇರಲಿ.

ಇಳಿಯುವ ಕ್ರಮ ಹೀಗೆ. ನೇರ ರಸ್ತೆಯಲ್ಲಿ ಬ್ರೇಕ್ ಬಿಡಿ, ಬೆನ್ನು ನೆಟ್ಟಗೆ ಮಾಡಿ ಕೂರಿ. ಎದೆಗೆ ಹೊಡೆಯುವ ಗಾಳಿಯೇ ವೇಗ ತಗ್ಗಿಸುತ್ತದೆ. ತಿರುವಿಗೆ ಮೊದಲು ಎರಡೂ ಬ್ರೇಕನ್ನು ಗಟ್ಟಿಯಾಗಿ, ಸ್ವಲ್ಪ ಹೊತ್ತು ಮಾತ್ರ ಹಿಡಿದು ವೇಗ ಪೂರ್ತಿ ಇಳಿಸಿ. ತಿರುವಿನೊಳಗೆ ಬ್ರೇಕ್ ಬಿಟ್ಟಿರಬೇಕು. ಒದ್ದೆ ಎಲೆ, ಪಾಚಿ ಇರುವ ಕಡೆ ಸೈಕಲ್ ವಾಲಿದಾಗ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ನೋಡುವುದಕ್ಕೆ ಒಣಗಿದ ಹಾಗಿದ್ದರೂ ದರೆಯ ಕಡೆ ನೀರು ಜಿನುಗುತ್ತಲೇ ಇರುತ್ತದೆ. ಮೂರು ನಾಲ್ಕು ತಿರುವಿಗೊಮ್ಮೆ ರಸ್ತೆ ಅಗಲ ಇರುವ ಕಡೆ ನಿಲ್ಲಿಸಿ, ಐದು ನಿಮಿಷ ತಣಿಯಲು ಬಿಡಿ. ಬಿಸಿಯಾದ ಡಿಸ್ಕ್ ಬ್ರೇಕಿಗೆ ನೀರು ಸುರಿಯುವವರಿದ್ದಾರೆ, ಅದನ್ನು ಮಾತ್ರ ಮಾಡಬೇಡಿ. ಡಿಸ್ಕ್ ಸೊಟ್ಟಗಾಗಬಹುದು.

ಇನ್ನೊಂದು ಮಾತು. ಹೇರ್‌ಪಿನ್‌ನಲ್ಲಿ ಮೇಲೆ ಬರುವ ಬಸ್ಸಿಗೆ ಇಡೀ ರಸ್ತೆ ಬೇಕು. ಹಾರ್ನ್ ಕೇಳಿದ ಕೂಡಲೇ ತಿರುವಿಗೆ ಮೊದಲೇ ಎಡಕ್ಕೆ ನಿಂತುಬಿಡಿ. ನನ್ನನ್ನು ಕೇಳಿದರೆ ಆಗುಂಬೆಯನ್ನು ಸೈಕಲ್‌ನಲ್ಲಿ ಇಳಿಯುವುದಕ್ಕಿಂತ ಸೋಮೇಶ್ವರದಿಂದ ಹತ್ತುವುದೇ ಚೆಂದ. ವೇಗ ಇರುವುದಿಲ್ಲ, ಅಪಾಯ ಕಡಿಮೆ, ಕಾಡು ಪೂರ್ತಿ ನೋಡಲು ಸಿಗುತ್ತದೆ. ಬೆಳಿಗ್ಗೆ ಬೇಗ ಶುರುಮಾಡಿ.

ಪ್ರಶ್ನೆ: ನನ್ನದು ರೋಡ್ ಬೈಕ್. ಮುಂದೆ 50-34, ಹಿಂದೆ 11-28 ಹಲ್ಲು. ಏರು ಹತ್ತಿದ ಮರುದಿನ ಮಂಡಿ ನೋಯುತ್ತದೆ. ಅಭ್ಯಾಸ ಸಾಲದೋ, ಗೇರೇ ಸರಿಯಿಲ್ಲವೋ?
— ಓದುಗರೊಬ್ಬರು, ಸಾಗರ

ಉತ್ತರ: ಗೇರು. ನಿಮ್ಮ ಅತಿ ಹಗುರ ಗೇರಿನಲ್ಲಿ ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೆ 28. ಒಂದು ಸುತ್ತು ತುಳಿದರೆ ಸೈಕಲ್ ಸುಮಾರು ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ಕಡಿದಾದ ಏರಿನಲ್ಲಿ, ಬ್ಯಾಗ್ ಕಟ್ಟಿಕೊಂಡು, ಹೆಚ್ಚಿನವರು ಹೋಗುವುದು ಗಂಟೆಗೆ ಆರು ಕಿಲೋಮೀಟರ್ ವೇಗದಲ್ಲಿ. ಅಂದರೆ ನಿಮಿಷಕ್ಕೆ 40 ಸುತ್ತೂ ಇಲ್ಲ. ಪ್ರತಿ ತುಳಿತಕ್ಕೂ ಇಡೀ ಭಾರ ಮಂಡಿಯ ಮೇಲೆ. ಮುಂದೆ 28, ಹಿಂದೆ 34 ಹಲ್ಲಿನ ಸೈಕಲ್‌ನಲ್ಲಿ ಅದೇ ವೇಗಕ್ಕೆ ಸುಮಾರು 58 ಸುತ್ತು ಬರುತ್ತದೆ. ಭಾರ ಹಂಚಿಹೋಗುತ್ತದೆ.

ಮುಂದಿನದು ಬದಲಿಸಲು ಖರ್ಚು ಜಾಸ್ತಿ. ಹಿಂದೆ 11-34 ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸಿ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ಅಷ್ಟು ದೊಡ್ಡ ಚಕ್ರವನ್ನು ತಡೆಯುತ್ತದಾ ಅಂತ ಅಂಗಡಿಯಲ್ಲಿ ಮೊದಲೇ ಕೇಳಿಕೊಳ್ಳಿ. ಸೀಟಿನ ಎತ್ತರವನ್ನೂ ನೋಡಿ. ಸೀಟು ತಗ್ಗಾಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ. ಪೆಡಲ್ ಕೆಳಗೆ ಇದ್ದಾಗ ಮಂಡಿ ಸ್ವಲ್ಪವೇ ಬಾಗಿರಬೇಕು. ಇಷ್ಟಾದರೂ ಆಗದ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ರೋಡ್ ಬೈಕಿನ ವಾಲ್ವ್ ತೆಳ್ಳಗಿರುತ್ತದೆ, ಹಳ್ಳಿಯ ಸೈಕಲ್ ಶಾಪಿನ ಪಂಪ್ ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಸಣ್ಣ ಅಡಾಪ್ಟರ್ ಒಂದು ಜೇಬಿನಲ್ಲಿರಲಿ.

ಪ್ರಶ್ನೆ: ಸಿಗಂದೂರಿಗೆ ಸೈಕಲ್ ತೆಗೆದುಕೊಂಡು ಹೋಗಲು ಈಗಲೂ ಲಾಂಚ್ ಕಾಯಬೇಕಾ?
— ಗೃಹಿಣಿ, ಭದ್ರಾವತಿ

ಉತ್ತರ: ಬೇಡ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾಗಿದೆ. ಎರಡು ಕಿಲೋಮೀಟರಿಗೂ ಉದ್ದ ಇದೆ. ಹಿನ್ನೀರಿನ ಮೇಲೆ ಅಡ್ಡಗಾಳಿ ಬೀಸುತ್ತದೆ, ಹ್ಯಾಂಡಲ್ ಗಟ್ಟಿ ಹಿಡಿಯಿರಿ. ಸೇತುವೆ ಆದ ಮೇಲೆ ಗಾಡಿಗಳು ನಿಲ್ಲದೆ ಬರುತ್ತವೆ, ವಾರದ ದಿನವೇ ಹೋಗಿ.

ಪ್ರಶ್ನೆ: ಮಳೆಗಾಲದಲ್ಲಿ ಹೋಗೋಣ ಅಂದರೆ ಮನೆಯವರು ಉಂಬಳ ಅಂತಾರೆ, ಬೇಸಿಗೆಯಲ್ಲಿ ಅಂದರೆ ಮಂಗನ ಕಾಯಿಲೆ ಅಂತಾರೆ. ಹಾಗಾದರೆ ಯಾವಾಗ ಹೋಗುವುದು?
— ಶಿಕ್ಷಕಿ, ಸೊರಬ

ಉತ್ತರ: ಅಕ್ಟೋಬರ್ ಕೊನೆ ಮತ್ತು ನವೆಂಬರ್ ಅತ್ಯುತ್ತಮ. ಹಳ್ಳದಲ್ಲಿ ನೀರಿರುತ್ತದೆ, ರಸ್ತೆ ಒಣಗಿರುತ್ತದೆ.

ಉಂಬಳಕ್ಕೆ, ಅಂದರೆ ರಕ್ತ ಹೀರುವ ಜಿಗಣೆಗೆ, ಹೆದರಬೇಕಿಲ್ಲ, ಸೈಕಲ್ ಮೇಲೆ ಇರುವಾಗ ಅವು ಹತ್ತುವುದೇ ಅಪರೂಪ. ಉಪ್ಪು ಮುಟ್ಟಿಸಿದರೆ ಬಿಡುತ್ತವೆ. ಜೂನ್‌ನಿಂದ ಆಗಸ್ಟ್ ತನಕ ಬೇಡ ಅನ್ನುವುದಕ್ಕೆ ನನ್ನ ಕಾರಣ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಈ ತಿಂಗಳುಗಳಲ್ಲೇ. ದರೆ ಕುಸಿಯುತ್ತದೆ, ಮರ ಬೀಳುತ್ತದೆ, ಮಂಜಿನಲ್ಲಿ ಹತ್ತು ಮಾರು ಆಚೆ ಕಾಣುವುದಿಲ್ಲ.

ಮಂಗನ ಕಾಯಿಲೆಯ ವಿಷಯದಲ್ಲಿ ನಿಮ್ಮ ಮನೆಯವರು ಹೇಳಿದ್ದು ಸರಿ. ಅದು ಮೊದಲು ಪತ್ತೆಯಾದದ್ದು 1957ರಲ್ಲಿ, ನಿಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಉಣುಗು (ಉಣ್ಣೆ ಹುಳ) ಕಚ್ಚಿ ಬರುತ್ತದೆ. ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ ಅದರ ಕಾಲ. ರಸ್ತೆಯ ಮೇಲೆ ಸೈಕಲ್ ಹೊಡೆಯುವವರಿಗಿಂತ ಕಾಡಿಗೆ ಸೌದೆ, ದರಗು ತರಲು ಹೋಗುವವರಿಗೇ ಅಪಾಯ ಜಾಸ್ತಿ. ಆದರೆ ನಾವು ಸುಮ್ನೆ ಮಾಡುವ ಕೆಲಸ ಒಂದಿದೆ. ಸುಸ್ತಾಯಿತು ಅಂತ ಸೈಕಲ್ ಒರಗಿಸಿ ಮರದ ಕೆಳಗೆ ತರಗೆಲೆಯ ಮೇಲೆ ಮಲಗಿಬಿಡುತ್ತೇವೆ. ಈ ತಿಂಗಳುಗಳಲ್ಲಿ ಅದು ಖಂಡಿತ ಬೇಡ. ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲೋ ಅಂಗಡಿ ಜಗುಲಿಯಲ್ಲೋ ಕೂರಿ. ಊರು ಸೇರಿದ ಮೇಲೆ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಿ. ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಮುಂದಿನ ಊರಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಪ್ರವಾಸ ಮುಗಿಸಿ ಬಂದ ಒಂದೆರಡು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಯಲ್ಲೇ ಮಾತ್ರೆ ನುಂಗಿ ಕೂರಬೇಡಿ. ವೈದ್ಯರ ಹತ್ತಿರ ಹೋಗಿ, ಯಾವ ಊರಿನ ಕಾಡಿನ ದಾರಿಯಲ್ಲಿ ಓಡಾಡಿದ್ದಿರಿ, ಎಲ್ಲೆಲ್ಲಿ ಕೂತಿದ್ದಿರಿ ಅನ್ನುವುದನ್ನು ಅವರು ಕೇಳುವ ಮೊದಲೇ ಹೇಳಿ.