ಟಿವಿಯಲ್ಲಿ ಕಪ್ಪು ಮುದ್ದೆಯಾಗುವ ಜಡೆ, ಮಂಟಪದಲ್ಲಿ ಓಡುವ ಪಟ್ಟೆಗಳು

ಪ್ರಶ್ನೆ: ನಾನು ಮದುವೆ ವಿಡಿಯೊ ಎಡಿಟ್ ಮಾಡುವವನು. ನನ್ನ ಮಾನಿಟರ್‌ನಲ್ಲಿ ಎಲ್ಲ ಸರಿ ಕಾಣುತ್ತದೆ. ಪೆನ್‌ಡ್ರೈವ್‌ಗೆ ಹಾಕಿ ಗಿರಾಕಿಯ ಟಿವಿಯಲ್ಲಿ ನೋಡಿದರೆ ಮದುಮಗಳ ಜಡೆ ಕಪ್ಪು ಮುದ್ದೆ, ಸೀರೆಯ ಜರಿ ಬರೀ ಬಿಳಿ. ಬೇರೆ ಮಾನಿಟರ್ ಕೊಳ್ಳಲೇ?

ಉತ್ತರ: ಬೇಡ. ಚಿತ್ರ ಬರೀ ಕತ್ತಲಾಗಿದ್ದರೆ ಮಾನಿಟರ್ ಮೇಲೆ ಅನುಮಾನ ಪಡಬಹುದಿತ್ತು. ಕಪ್ಪು, ಬಿಳಿ ಎರಡೂ ತುದಿಯಲ್ಲಿ ವಿವರ ಹೋಗಿದೆ ಎಂದರೆ ಮೊದಲು ನೋಡಬೇಕಾದ್ದು ಎಕ್ಸ್‌ಪೋರ್ಟ್ ಲೆವೆಲ್, ಅಂದರೆ ಫೈಲ್ ಹೊರತೆಗೆಯುವಾಗ ಕಪ್ಪಿನಿಂದ ಬಿಳಿವರೆಗೆ ಕೊಡುವ ಅಂಕಿಗಳ ವ್ಯಾಪ್ತಿ. ಸಾಮಾನ್ಯ 8 ಬಿಟ್ ವಿಡಿಯೊದಲ್ಲಿ (0ಯಿಂದ 255ರ ಅಳತೆಯಲ್ಲಿ) ಕಪ್ಪು 16ಕ್ಕೆ, ಬಿಳಿ 235ಕ್ಕೆ ಕೂರುತ್ತದೆ. ಫೈಲ್ 0ಯಿಂದ 255ರವರೆಗೆ ಹರಡಿದ್ದರೆ ಟಿವಿ 16ರ ಕೆಳಗಿನದನ್ನೆಲ್ಲ ಒಂದೇ ಕಪ್ಪು, 235ರ ಮೇಲಿನದನ್ನೆಲ್ಲ ಒಂದೇ ಬಿಳಿ ಮಾಡಿಬಿಡುತ್ತದೆ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ತಂತ್ರಾಂಶ ಬಳಸುವುದಾದರೆ ಡೆಲಿವರ್ ಪುಟದ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಲೆವೆಲ್ಸ್ ನೋಡಿ. ಅಲ್ಲಿ ಫುಲ್ ಇದ್ದರೆ ಆಟೋ ಅಥವಾ ವಿಡಿಯೊ ಮಾಡಿ, ಅರ್ಧ ನಿಮಿಷದ ತುಣುಕನ್ನು ಅದೇ ಟಿವಿಯಲ್ಲಿ ಹಾಕಿ ನೋಡಿ.

ಮಾನಿಟರನ್ನೂ ಒಮ್ಮೆ ಹದಕ್ಕೆ ತನ್ನಿ. ಅಂಗಡಿಯಿಂದ ಬಂದ ಮಾನಿಟರ್ ಸಾಮಾನ್ಯವಾಗಿ 250 ನಿಟ್ಸ್ (ಪರದೆಯ ಪ್ರಖರತೆಯ ಅಳತೆ) ಆಸುಪಾಸು ಉರಿಯುತ್ತಿರುತ್ತದೆ. ಮಂದ ಬೆಳಕಿನ ಕೋಣೆಯಲ್ಲಿ ರೆಕ್. 709 (ಎಚ್‌ಡಿ ಟಿವಿಯ ಬಣ್ಣದ ಮಾನದಂಡ) ಕೆಲಸಕ್ಕೆ ಬೇಕಾದ್ದು 100 ನಿಟ್ಸ್. 250 ನಿಟ್ಸ್‌ನ ಪ್ರಖರ ಪರದೆ ನೋಡಿ ಎಡಿಟ್ ಮಾಡಿದವರು ತಮಗರಿವಿಲ್ಲದೆ ಚಿತ್ರವನ್ನು ಕತ್ತಲು ಮಾಡುತ್ತಾರೆ. ಕಿಟಕಿ ಪರದೆ ಎಳೆದು, ಮಾನಿಟರ್ ಅರ್ಧ ಗಂಟೆ ಉರಿದ ಮೇಲೆ ಶುರು ಮಾಡಿ. ಡೈನಾಮಿಕ್ ಕಾಂಟ್ರಾಸ್ಟ್, ಇಕೋ ಮೋಡ್, ವಿಂಡೋಸ್‌ನ ನೈಟ್ ಲೈಟ್ ಎಲ್ಲ ಆಫ್. ಬಣ್ಣದ ತಾಪಮಾನ 6500 ಕೆಲ್ವಿನ್. ಗಾಮಾ (ಕಪ್ಪು-ಬಿಳಿಗಳ ನಡುವಿನ ಛಾಯೆಗಳ ಹದ) ಮಂದ ಕೋಣೆಗೆ 2.4, ಬೆಳಕಿರುವ ಕೋಣೆಗೆ 2.2.

ಹಲವರು ಎಡವುವುದು ಬ್ರೈಟ್‌ನೆಸ್ ಎಂಬ ಹೆಸರಿನಲ್ಲಿ. ಹೆಚ್ಚಿನ ಕಂಪ್ಯೂಟರ್ ಮಾನಿಟರ್‌ಗಳಲ್ಲಿ ಅದು ಬ್ಯಾಕ್‌ಲೈಟ್, ಹಳೆಯ ಟಿವಿಗಳಲ್ಲಿ ಕಪ್ಪಿನ ಮಟ್ಟ. ಹಾಗಾಗಿ ಅದನ್ನು ತಿರುಗಿಸಿ 100 ನಿಟ್ಸ್‌ಗೆ ತಂದ ಮೇಲೆ ಎಸ್‌ಎಂಪಿಟಿಇ ಕಲರ್ ಬಾರ್ (ಬಣ್ಣದ ಪಟ್ಟಿಗಳ ಪರೀಕ್ಷಾ ಚಿತ್ರ) ತೆರೆಯಿರಿ. ಕೆಂಪು ಪಟ್ಟಿಯ ಕೆಳಗೆ ಮೂರು ಸಣ್ಣ ಕಪ್ಪು ಗೆರೆಗಳಿವೆ. ಬಲಗಡೆಯದು ಮಾತ್ರ ಕಂಡೂ ಕಾಣದಂತೆ ಇರಬೇಕು, ಉಳಿದೆರಡು ಒಂದರಲ್ಲೊಂದು ಬೆರೆತಿರಬೇಕು. ಬಲಗಡೆಯದೂ ಮಾಯವಾಗಿದ್ದರೆ, ಅಥವಾ ಕಪ್ಪೇ ಬೂದಿಬಣ್ಣಕ್ಕೆ ತಿರುಗಿದ್ದರೆ, ಗ್ರಾಫಿಕ್ಸ್ ಕಾರ್ಡ್ ಮತ್ತು ಮಾನಿಟರ್‌ನ ಎಚ್‌ಡಿಎಂಐ ರೇಂಜ್ ಪರಸ್ಪರ ಹೊಂದಿಲ್ಲ. ಎರಡೂ ಕಡೆ ಫುಲ್ ಇಡಿ; ಇದು ಮಾನಿಟರ್‌ಗೆ ಹೋಗುವ ಸಂಕೇತದ ಸೆಟ್ಟಿಂಗ್, ಮೇಲೆ ಹೇಳಿದ ಎಕ್ಸ್‌ಪೋರ್ಟ್ ಲೆವೆಲ್ ಅಲ್ಲ.

ಅಳೆಯಲು ಕಲರಿಮೀಟರ್ (ಪರದೆಯ ಬಣ್ಣ, ಬೆಳಕು ಅಳೆಯುವ ಉಪಕರಣ) ಬೇಕೇ ಬೇಕು. ಕಣ್ಣು ಐದು ನಿಮಿಷದಲ್ಲಿ ಯಾವ ಬಣ್ಣಕ್ಕೂ ಒಗ್ಗಿಕೊಳ್ಳುತ್ತದೆ. ಆದರೆ ಕಲರಿಮೀಟರ್ ಮಾಡಿಕೊಡುವ ಐಸಿಸಿ ಪ್ರೊಫೈಲನ್ನು (ಮಾನಿಟರ್‌ನ ಬಣ್ಣದ ವಿವರವಿರುವ ಫೈಲ್) ವಿಂಡೋಸ್‌ನಲ್ಲಿ ರಿಸಾಲ್ವ್ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಡಿಸ್‌ಪ್ಲೇಕ್ಯಾಲ್ ತಂತ್ರಾಂಶದಲ್ಲಿ 3ಡಿ ಲಟ್ (ಬಣ್ಣ ತಿದ್ದುವ ಕೋಷ್ಟಕ) ಮಾಡಿ, ರಿಸಾಲ್ವ್‌ನ ಕಲರ್ ವ್ಯೂವರ್ ಲುಕಪ್ ಟೇಬಲ್‌ನಲ್ಲಿ ಹಾಕಿ.

ಪ್ರಶ್ನೆ: ಕಲ್ಯಾಣ ಮಂಟಪದ ಎಲ್‌ಇಡಿ ದೀಪಗಳ ಕೆಳಗೆ ಚಿತ್ರದಲ್ಲಿ ಅಡ್ಡ ಪಟ್ಟೆಗಳು ಓಡುತ್ತವೆ. ಕ್ಯಾಮೆರಾ ಕೆಟ್ಟಿದೆಯೆ?

ಉತ್ತರ: ಕ್ಯಾಮೆರಾ ಬಹುಶಃ ಎನ್‌ಟಿಎಸ್‌ಸಿಯಲ್ಲಿದೆ, ಅಂದರೆ 60 ಹರ್ಟ್ಸ್ ಕರೆಂಟಿನ ದೇಶಗಳ ವಿಡಿಯೊ ಪದ್ಧತಿಯಲ್ಲಿ. ನಮ್ಮ ಕರೆಂಟ್ 50 ಹರ್ಟ್ಸ್. ದೀಪ ಸೆಕೆಂಡಿಗೆ 100 ಬಾರಿ ಮಿಣುಕುತ್ತದೆ. ಷಟರ್ 1/60 ಸೆಕೆಂಡ್ ಇದ್ದರೆ ಆ ಲಯಕ್ಕೆ ಕೂಡುವುದಿಲ್ಲ. ನಮ್ಮ 50 ಹರ್ಟ್ಸ್‌ಗೆ ಹೊಂದುವ ಪಾಲ್ ಪದ್ಧತಿಗೆ ಬದಲಿಸಿ ಸೆಕೆಂಡಿಗೆ 25 ಫ್ರೇಮ್, 1/50 ಇಡಿ (ಕೆಲವು ಕ್ಯಾಮೆರಾಗಳು ಕಾರ್ಡನ್ನು ಮತ್ತೆ ಫಾರ್ಮ್ಯಾಟ್ ಮಾಡಿಸಿಕೊಳ್ಳುತ್ತವೆ, ಮೊದಲೇ ಕಾಪಿ ತೆಗೆದಿಡಿ). 24 ಫ್ರೇಮೇ ಬೇಕೆಂದರೆ ಷಟರ್ ಆಂಗಲ್ 172.8 ಡಿಗ್ರಿ (ಅದೂ 1/50 ಸೆಕೆಂಡೇ). ಸ್ಲೋಮೋಷನ್‌ಗೆ 100 ಫ್ರೇಮ್, ಷಟರ್ 1/100. 120 ಫ್ರೇಮ್ ಅಲ್ಲಿ ಬೇಡ. ವೇದಿಕೆಯ ಹಿಂದಿನ ಎಲ್‌ಇಡಿ ಗೋಡೆಗೆ ಮಾತ್ರ ಈ ಲೆಕ್ಕ ಹೊಂದದು: ಅದರ ರಿಫ್ರೆಶ್ ದರವೇ ಬೇರೆ, ಷಟರನ್ನು ದಶಮಾಂಶದಲ್ಲಿ ಸರಿಸುತ್ತ ಪಟ್ಟೆ ನಿಲ್ಲುವ ಜಾಗ ಹುಡುಕಬೇಕು.

ಪ್ರಶ್ನೆ: 400 ಎಂಬಿಪಿಎಸ್ ಆಲ್-ಐನಲ್ಲಿ (ಪ್ರತಿ ಫ್ರೇಮನ್ನೂ ಬಿಡಿಯಾಗಿ ಉಳಿಸುವ ವಿಧಾನ) ರೆಕಾರ್ಡಿಂಗ್ ಕೆಲವೇ ಸೆಕೆಂಡಿಗೆ ನಿಲ್ಲುತ್ತದೆ. ಮೆಮೊರಿ ಕಾರ್ಡ್‌ನ ವೇಗದ ದರ್ಜೆ ವಿ30.

ಉತ್ತರ: 400 ಮೆಗಾಬಿಟ್ ಎಂದರೆ ಸೆಕೆಂಡಿಗೆ 50 ಮೆಗಾಬೈಟ್, ವಿ30 ಖಾತರಿ ಕೊಡುವುದು 30ಕ್ಕೆ. ವಿ60 ಕೊಳ್ಳಿ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಅದಕ್ಕೂ ಮೊದಲು ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಕಾರ್ಡ್ ಪರೀಕ್ಷಿಸುವ ತಂತ್ರಾಂಶದಲ್ಲಿ ಪೂರ್ತಿ ತುಂಬಿಸಿ ಪರೀಕ್ಷಿಸಿ. ನಕಲಿ ಕಾರ್ಡ್ ಮುಹೂರ್ತದ ಹೊತ್ತಿಗೇ ಬಣ್ಣ ಬಯಲು ಮಾಡುತ್ತದೆ.