ಪಿಯುಸಿ ಆದಮೇಲೆ ಆಟಿಸಂ, ಬೌದ್ಧಿಕ ವಿಕಲತೆ ಇರುವವರ ಜೊತೆ ಕೆಲಸ ಮಾಡಲು ಏನು ಓದಬೇಕು?

ನೀವು ಕೇಳಿರುವುದು ಎರಡು. ಪಿಯುಸಿ ಮುಗಿದಿದೆ, ಆಟಿಸಂ, ಡೌನ್ ಸಿಂಡ್ರೋಮ್, ಬೌದ್ಧಿಕ ವಿಕಲತೆ ಇರುವವರ ಜೊತೆ ಕೆಲಸ ಮಾಡಲು ಯಾವ ಕೋರ್ಸ್ ಸರಿ? ಸೇರಿದಮೇಲೆ ನಿಜವಾಗಿ ಏನು ಕಲಿಸುತ್ತಾರೆ? ಮನೆಯಲ್ಲಿ ಎಲ್ಲರೂ "ಸೈಕಾಲಜಿ ತಗೋ" ಅನ್ನುತ್ತಿದ್ದಾರೆ ಎಂದೂ ಬರೆದಿದ್ದೀರಿ.

ಸೈಕಾಲಜಿ ಡಿಗ್ರಿ ಕೆಟ್ಟದ್ದೇನಲ್ಲ. ಆದರೆ ಅದೊಂದನ್ನೇ ಹಿಡಿದುಕೊಂಡು ವಿಶೇಷ ಶಿಕ್ಷಕರಾಗಿ ಕೆಲಸ ಮಾಡಲು ಬರುವುದಿಲ್ಲ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಬೇಕು. 1992ರ ಆರ್‌ಸಿಐ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದೆ ಪುನರ್ವಸತಿ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ದಂಡದ ಮೊತ್ತ ನೋಡಿ ನಗು ಬರಬಹುದು. ಆದರೆ ಕೆಲಸಕ್ಕೆ ಅರ್ಜಿ ಹಾಕುವಾಗ ಮೊದಲು ಕೇಳುವುದೇ ಸಿಆರ್‌ಆರ್ ನಂಬರು, ಅಂದರೆ ಆ ನೋಂದಣಿಯ ಸಂಖ್ಯೆ.

ಪಿಯುಸಿಯಲ್ಲಿ 50% ಇದ್ದರೆ ನೇರವಾಗಿ ಸೇರಬಹುದಾದದ್ದು ಎರಡು ವರ್ಷದ ಡಿ.ಎಡ್. ವಿಶೇಷ ಶಿಕ್ಷಣ. ಅದರಲ್ಲಿ ನಿಮಗೆ ಬೇಕಾದ ವಿಭಾಗದ ಹೆಸರು ಐಡಿಡಿ, ಬೌದ್ಧಿಕ ಮತ್ತು ಬೆಳವಣಿಗೆಯ ವಿಕಲತೆ. ಶ್ರವಣದೋಷ, ದೃಷ್ಟಿದೋಷದ ವಿಭಾಗಗಳು ಬೇರೆ. ಸೀಟು ಸಿಕ್ಕಿತೆಂದು ಅಲ್ಲಿ ಸೇರಿ ಆಮೇಲೆ ಆಟಿಸಂ ಕಡೆ ಬರುತ್ತೇನೆ ಅಂದುಕೊಳ್ಳಬೇಡಿ, ನೋಂದಣಿ ವಿಭಾಗಕ್ಕೆ ಅಂಟಿಕೊಂಡಿರುತ್ತದೆ. ಡಿಗ್ರಿ ಮುಗಿಸಿದವರಿಗೆ ಎರಡು ವರ್ಷದ ಬಿ.ಎಡ್. ವಿಶೇಷ ಶಿಕ್ಷಣ ಇದೆ. ಹೈಸ್ಕೂಲ್ ಮಟ್ಟದ ಹುದ್ದೆ ಬೇಕಿದ್ದರೆ ಕೊನೆಗೆ ಇದು ಬೇಕೇ ಬೇಕು. ಆರು ವರ್ಷದೊಳಗಿನ ಮಕ್ಕಳ ಜೊತೆ ಮಾತ್ರ ಕೆಲಸ ಮಾಡುವ ಮನಸ್ಸಿದ್ದರೆ ಆರಂಭಿಕ ಬಾಲ್ಯದ ವಿಶೇಷ ಶಿಕ್ಷಣದ ಡಿಪ್ಲೊಮಾ, ದೊಡ್ಡವರಿಗೆ ಕೆಲಸ ಕಲಿಸುವ ಆಸಕ್ತಿ ಇದ್ದರೆ ವೃತ್ತಿ ಪುನರ್ವಸತಿಯ ಡಿಪ್ಲೊಮಾ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದರೆ ಇನ್ನೊಂದು ಬಾಗಿಲೂ ತೆರೆದಿದೆ: ಮಾತು ಮತ್ತು ಶ್ರವಣದ ಬಿಎಎಸ್‌ಎಲ್‌ಪಿ, ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದಕ್ಕೆ ದೇಶದಲ್ಲೇ ಹೆಸರುವಾಸಿ. ಆಕ್ಯುಪೇಷನಲ್ ಥೆರಪಿ, ಫಿಸಿಯೋಥೆರಪಿ ಮಾತ್ರ ಆರ್‌ಸಿಐ ಅಡಿ ಬರುವುದಿಲ್ಲ, ಅವುಗಳ ದಾರಿ ಬೇರೆ.

ಆರಿಸುವುದು ಹೇಗೆ ಅಂದರೆ, ದಿನವಿಡೀ ನಿಮ್ಮ ಕೈ ಏನು ಮಾಡುತ್ತಿರುತ್ತದೆ ಎಂದು ಯೋಚಿಸಿ. ವಿಶೇಷ ಶಿಕ್ಷಕಿಯ ದಿನದಲ್ಲಿ ಪಾಠಕ್ಕಿಂತ ಹೆಚ್ಚು ಊಟ, ಶೌಚ, ಬಟ್ಟೆ, ಸಾಲಿನಲ್ಲಿ ನಿಲ್ಲುವುದು, ಕಾಯುವುದು ಇರುತ್ತದೆ. ಹದಿಹರೆಯದ ಹುಡುಗಿಗೆ ಪ್ಯಾಡ್ ಬದಲಿಸುವುದನ್ನು ಕಲಿಸುವುದೂ ಸಿಲಬಸ್ಸಿನ ಭಾಗವೇ. ಇದು ಆಗುವುದಿಲ್ಲ ಅನ್ನಿಸಿದರೆ ಈಗಲೇ ಬೇರೆ ದಾರಿ ನೋಡುವುದು ಒಳ್ಳೆಯದು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕಾಲೇಜು ಹುಡುಕುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ಆರ್‌ಸಿಐ ಅನುಮೋದನೆ ಸಂಸ್ಥೆಗೆ ಸಾರಾಸಗಟಾಗಿ ಸಿಗುವುದಲ್ಲ. ಇಂಥ ಕೋರ್ಸ್‌ಗೆ, ಇಂಥ ಅವಧಿಗೆ, ಇಷ್ಟು ಸೀಟಿಗೆ ಎಂದು ಸಿಗುತ್ತದೆ. ಗೋಡೆಗೆ ತೂಗುಹಾಕಿದ ಪತ್ರ ಹಳೆಯದಾಗಿರಬಹುದು, ಬೇರೆ ಕೋರ್ಸಿನದೂ ಆಗಿರಬಹುದು. ಫೀಸು ಕಟ್ಟುವ ಮೊದಲು ಆರ್‌ಸಿಐ ವೆಬ್‌ಸೈಟಿನ ಅನುಮೋದಿತ ಸಂಸ್ಥೆಗಳ ಪಟ್ಟಿಯಲ್ಲಿ ನಿಮ್ಮ ಕೋರ್ಸು, ನಿಮ್ಮ ಶೈಕ್ಷಣಿಕ ವರ್ಷ ಎರಡನ್ನೂ ಕಣ್ಣಾರೆ ನೋಡಿ. ಡಿಪ್ಲೊಮಾ ಪರೀಕ್ಷೆ ನಡೆಸುವುದು ಎನ್‌ಬಿಇಆರ್ ಎಂಬ ರಾಷ್ಟ್ರೀಯ ಮಂಡಳಿ. "ಮೂರು ತಿಂಗಳಲ್ಲಿ ಆನ್‌ಲೈನ್ ಆಟಿಸಂ ಡಿಪ್ಲೊಮಾ, ಸರ್ಟಿಫಿಕೇಟ್ ನಾವೇ ಕೊಡುತ್ತೇವೆ" ಎನ್ನುವವರ ಕಾಗದದಿಂದ ನೋಂದಣಿ ಆಗುವುದಿಲ್ಲ. ತಿಳಿವಳಿಕೆಗೆ ಬೇಕಾದರೆ ಮಾಡಿ, ವೃತ್ತಿಗೆ ಬೇಡ.

ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಒಮ್ಮೆ ಹೋಗಿ ಬನ್ನಿ. ಕ್ಯಾಂಪಸ್ಸಿನಲ್ಲೇ ವಿಶೇಷ ಶಾಲೆ ಇದೆಯೇ? ಪ್ರಾಕ್ಟಿಕಲ್‌ಗೆ ಒಬ್ಬ ವಿದ್ಯಾರ್ಥಿಗೆ ಎಷ್ಟು ಮಕ್ಕಳನ್ನು ಕೊಡುತ್ತಾರೆ, ಒಂದೇ ಮಗುವಿನ ಸುತ್ತ ಹತ್ತು ಜನ ಕೂತು ರೆಕಾರ್ಡ್ ಬರೆಯುತ್ತಾರೋ? 18 ದಾಟಿದವರು ಅಲ್ಲಿ ಇದ್ದಾರೆಯೇ? ಈ ಕೊನೆಯದನ್ನು ಒತ್ತಿ ಹೇಳುತ್ತೇನೆ. ನಮ್ಮ ತರಬೇತಿಯೆಲ್ಲ ಮಕ್ಕಳ ಸುತ್ತ ಸುತ್ತುತ್ತದೆ. ಮಕ್ಕಳಿಗಾಗಿ ಶಾಲೆಯಾದರೂ ಇದೆ, ಮೂವತ್ತು ವರ್ಷದ ಮಗನನ್ನು ಇಟ್ಟುಕೊಂಡ ತಾಯಿಗೆ ಹೋಗಲು ಜಾಗವೇ ಕಡಿಮೆ. ಮುಂದೆ ಕೆಲಸ ಇರುವುದೂ ಅಲ್ಲೇ.

ಇನ್ನು ಒಳಗೆ ಕಲಿಯುವುದು. ಎಲ್ಲದರ ಬೆನ್ನೆಲುಬು ಐಇಪಿ, ಒಬ್ಬ ಮಗುವಿಗಾಗಿ ಮಾತ್ರ ಮಾಡುವ ಕಲಿಕಾ ಯೋಜನೆ. ಅದಕ್ಕೆ ಮುಂಚೆ ಮಗು ಈಗ ಎಲ್ಲಿದೆ ಎಂದು ಅಳೆಯಬೇಕು. ಎಂಡಿಪಿಎಸ್ ಎಂಬ ಮದ್ರಾಸಿನ ಅಳತೆಪಟ್ಟಿಯಲ್ಲಿ ಕೌಶಲದ 18 ಕ್ಷೇತ್ರ, ಒಂದೊಂದರಲ್ಲಿ 20ರಂತೆ 360 ಅಂಶಗಳಿವೆ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ತಯಾರಿಸಿದ ಎಫ್‌ಎಸಿಪಿ ಎಂಬ ಇನ್ನೊಂದು ಪಟ್ಟಿಯನ್ನು ತರಗತಿಗಳಲ್ಲಿ ಹೆಚ್ಚು ಬಳಸುತ್ತಾರೆ. ಅದರಲ್ಲಿ ಒಂದು ಹಂತದ 80% ಆದರೆ ಮುಂದಿನ ಹಂತ. ಆಟಿಸಂಗೆ ಐಎಸ್‌ಎಎ ಎಂಬ ಅಳತೆಪಟ್ಟಿ ಇದೆ: 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ, ಒಟ್ಟು 70 ಮುಟ್ಟಿದರೆ ಆಟಿಸಂ ವ್ಯಾಪ್ತಿ. ಇದನ್ನು ಓದಿ ಅರ್ಥಮಾಡಿಕೊಳ್ಳುವುದು ನಿಮಗೆ ಗೊತ್ತಿರಬೇಕು. "ನಿಮ್ಮ ಮಗುವಿಗೆ ಆಟಿಸಂ ಇದೆ" ಎಂದು ತೀರ್ಪು ಕೊಡುವುದು ನಿಮ್ಮ ಕೆಲಸವಲ್ಲ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು, ಪಟ್ಟಿಯಲ್ಲಿ ಮಗು ಮಾಡದ ಅಂಶವನ್ನು ಹಾಗೇ ಎತ್ತಿ ಗುರಿ ಎಂದು ಬರೆಯುವುದು. "ಸ್ವಾವಲಂಬಿಯಾಗಿ ಊಟ ಮಾಡುವುದು" ಗುರಿಯಲ್ಲ, ಆಸೆ. "ಕಲಸಿಟ್ಟ ಅನ್ನವನ್ನು ತಟ್ಟೆಯಿಂದ ಬಲಗೈಯಲ್ಲಿ ಎತ್ತಿ, ಐದರಲ್ಲಿ ನಾಲ್ಕು ತುತ್ತು ಚೆಲ್ಲದೆ ಬಾಯಿಗಿಡುವುದು, ಎರಡು ತಿಂಗಳೊಳಗೆ" ಎಂದರೆ ಗುರಿ. ಆಯಿತೋ ಇಲ್ಲವೋ ಎಂದು ಬೇರೆ ಯಾರೇ ನೋಡಿದರೂ ಹೇಳಬಹುದು.

ಆಮೇಲೆ ಒಂದು ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸುವುದು. ಚಡ್ಡಿ ಹಾಕಿಕೊಳ್ಳುವುದನ್ನೇ ತೆಗೆದುಕೊಳ್ಳಿ: ಮುಂಭಾಗ ಗುರುತಿಸುವುದು, ಎರಡೂ ಕೈಯಲ್ಲಿ ಸೊಂಟದ ಭಾಗ ಹಿಡಿಯುವುದು, ಒಂದು ಕಾಲು, ಇನ್ನೊಂದು ಕಾಲು, ಮಂಡಿವರೆಗೆ, ತೊಡೆವರೆಗೆ, ಸೊಂಟಕ್ಕೆ. ಕಲಿಸುವುದನ್ನು ಬಹಳ ಸಲ ಕೊನೆಯಿಂದ ಶುರುಮಾಡುತ್ತೇವೆ. ತೊಡೆವರೆಗೆ ನೀವೇ ಎಳೆದು, ಕೊನೆಯ ಎಳೆತ ಮಾತ್ರ ಮಗುವಿಗೆ. ಪ್ರತಿ ಸಲವೂ "ಮುಗಿಸಿದ್ದು ನಾನು" ಎಂಬ ಖುಷಿ ಮಗುವಿನದಾಗುತ್ತದೆ. ಅದು ಗಟ್ಟಿಯಾದಮೇಲೆ ಅದರ ಹಿಂದಿನ ಹಂತ. ನಿಮ್ಮ ಸಹಾಯವನ್ನೂ ಹಾಗೇ ಕರಗಿಸಬೇಕು: ಕೈ ಹಿಡಿದು ಮಾಡಿಸುವುದು, ಬರೀ ಮೊಣಕೈ ಮುಟ್ಟುವುದು, ಬೆರಳು ತೋರುವುದು, ಸುಮ್ಮನೆ ಕಾಯುವುದು. "ಹೂಂ, ಆಮೇಲೆ? ಆಮೇಲೆ?" ಎಂದು ಮಾತಿನಲ್ಲಿ ತಳ್ಳುತ್ತಲೇ ಇದ್ದರೆ ಮಗು ನಿಮ್ಮ ದನಿಗೆ ಕಾಯುವುದನ್ನು ಕಲಿಯುತ್ತದೆ, ಚಡ್ಡಿ ಹಾಕಿಕೊಳ್ಳುವುದನ್ನಲ್ಲ. ಮಾತಿನ ಸಹಾಯ ಬಿಡಿಸುವುದೇ ಎಲ್ಲಕ್ಕಿಂತ ಕಷ್ಟ.

ಇನ್ನೊಂದು ದೊಡ್ಡ ಸೋಲು, ಶಾಲೆಯಲ್ಲಿ ಬಂದದ್ದು ಮನೆಯಲ್ಲಿ ಬಾರದಿರುವುದು. ಶಾಲೆಯಲ್ಲಿ ನಲ್ಲಿ ತಿರುಗಿಸಿ ಮೈ ತೊಳೆಯುವುದನ್ನು ಕಲಿಸಿರುತ್ತೀರಿ, ಮನೆಯಲ್ಲಿ ಹಂಡೆ, ಬಕೆಟ್ಟು, ಚೊಂಬು. ಮಗುವಿನ ಮಟ್ಟಿಗೆ ಅದು ಬೇರೆಯೇ ಕೆಲಸ. ದುಡ್ಡು ಕಲಿಸುವಾಗಲೂ ಪ್ಲಾಸ್ಟಿಕ್ ನಾಣ್ಯ ಬೇಡ, ನಿಜವಾದ ಹತ್ತರ ನೋಟು, ನಿಜವಾದ ಅಂಗಡಿ. ಮನೆ ನೋಡದೆ ಐಇಪಿ ಬರೆಯಬೇಡಿ.

ವರ್ತನೆಯ ವಿಷಯದಲ್ಲಿ ಮೂರು ಕಾಲಮ್ಮಿನ ಹಾಳೆ ಇಡಬೇಕು: ಮುಂಚೆ ಏನಾಯಿತು, ಮಗು ಏನು ಮಾಡಿತು, ನಂತರ ಏನು ಸಿಕ್ಕಿತು. ಪುಸ್ತಕ ಇಟ್ಟ ಕೂಡಲೇ ಕಿರುಚುತ್ತದೆ, ಟೀಚರ್ ಹೊರಗೆ ಕಳಿಸುತ್ತಾರೆ. ಟೀಚರಿಗೆ ಅದು ಶಿಕ್ಷೆ, ಮಗುವಿಗೆ ಬಹುಮಾನ; ಕಿರುಚಿದರೆ ಪುಸ್ತಕದಿಂದ ಬಿಡುಗಡೆ. ಪುಸ್ತಕದ ಕೆಲಸ ಅರ್ಧಕ್ಕೆ ಇಳಿಸಿ, "ಸಾಕು" ಎಂದು ತೋರಿಸುವ ಒಂದು ಕಾರ್ಡ್ ಕೊಡಿ, ಮಗು ಅದನ್ನು ನಿಮ್ಮ ಕೈಗೆ ಕೊಟ್ಟ ಕೂಡಲೇ ಬಿಡುವು ಕೊಡಿ. ಹಳೆಯ ದಾರಿ ಮುಚ್ಚಿದಾಗ ಕಿರುಚಾಟ ಕೆಲವು ದಿನ ಜಾಸ್ತಿಯೇ ಆಗಬಹುದು, ಅಲ್ಲಿ ಹೆದರಿ ಮೊದಲಿನಂತೆ ಹೊರಗೆ ಕಳಿಸಿದರೆ ಇನ್ನೂ ಜೋರಾಗಿ ಕಿರುಚಬೇಕು ಎಂದು ನೀವೇ ಕಲಿಸಿದಂತೆ. ಇದೆಲ್ಲಕ್ಕೂ ಮೊದಲು ಹಲ್ಲುನೋವು, ಕಿವಿನೋವು, ಮಲಬದ್ಧತೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಮಾತು ಬಾರದ ಮಗು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳಲು ಶುರುಮಾಡಿದರೆ ಮೊದಲು ಡಾಕ್ಟರ್.

ಫಿಟ್ಸ್ ಬರುವ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ. ಪಕ್ಕಕ್ಕೆ ಮಲಗಿಸಿ, ತಲೆ ಕೆಳಗೆ ಮೆತ್ತಗಿನದು ಇಡಿ, ಗಡಿಯಾರ ನೋಡಿ; ಐದು ನಿಮಿಷ ದಾಟಿದರೆ ಆಸ್ಪತ್ರೆ. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಸ್ನಾಯುಗಳ ಮೇಲೆ ಹಿಡಿತ ಕಡಿಮೆ ಇರುವ ಮಗುವಿಗೆ ಮಲಗಿಸಿ ಉಣಿಸುವುದಾಗಲಿ, ತಲೆ ಹಿಂದಕ್ಕೆ ಬಾಗಿಸಿ ನೀರು ಹೊಯ್ಯುವುದಾಗಲಿ ಮಾಡಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ನೆಟ್ಟಗೆ ಕೂರಿಸಿ, ಗದ್ದ ತುಸು ಕೆಳಗೆ.

ಕಾನೂನು ಪೇಪರನ್ನು ಬಾಯಿಪಾಠ ಮಾಡಿ ಮರೆಯಬೇಡಿ, ತಂದೆತಾಯಿ ಬಂದು ಕೇಳುವುದೇ ಅದನ್ನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವಿಕಲತೆಗಳಿವೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆಗೆ ಮಾತ್ರ. 18 ತುಂಬಿದಮೇಲೆ ಕಾನೂನುಬದ್ಧ ಪಾಲಕತ್ವ ಕೊಡುವ ಜಿಲ್ಲಾ ಸಮಿತಿ, ವರ್ಷಕ್ಕೆ ಒಂದು ಲಕ್ಷದವರೆಗಿನ ನಿರಾಮಯ ಆರೋಗ್ಯ ವಿಮೆ ಎರಡೂ ಇದರ ಅಡಿಯಲ್ಲೇ.

ಕೆಲಸದ ಬಗ್ಗೆ ಚುಟುಕಾಗಿ. ಸ್ವಯಂಸೇವಾ ಸಂಸ್ಥೆಗಳ ವಿಶೇಷ ಶಾಲೆಗಳಲ್ಲಿ ಸಂಬಳ ಕಡಿಮೆ, ಸುಮ್ಮನೆ ಬಣ್ಣ ಹಚ್ಚಿ ಹೇಳುವುದಿಲ್ಲ. ಸರ್ಕಾರಿ ಕಡೆ ಸಮಗ್ರ ಶಿಕ್ಷಣದಡಿ ತಾಲ್ಲೂಕು ಮಟ್ಟದ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. ಶಾಲೆಗಳಿಗೂ, ಶಾಲೆಗೆ ಬರಲಾಗದ ಮಕ್ಕಳ ಮನೆಗಳಿಗೂ ಹೋಗುವ ಕೆಲಸ. ಸುಪ್ರೀಂ ಕೋರ್ಟ್ 2021ರಲ್ಲಿ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಅದರ ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಎಂದಿದೆ. ಹುದ್ದೆ ಕರೆದಾಗ ಕೈಯಲ್ಲಿ ಸಿಆರ್‌ಆರ್ ಇರಬೇಕಾದರೆ, ಫಲಿತಾಂಶ ಬಂದ ವಾರವೇ ನೋಂದಣಿಗೆ ಅರ್ಜಿ ಹಾಕಿ. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು, ನವೀಕರಣಕ್ಕೆ ಕಾರ್ಯಾಗಾರಗಳ ಅಂಕ ಕೇಳುತ್ತಾರೆ. ಹಾಜರಾದ ಪ್ರತಿ ಕಾರ್ಯಾಗಾರದ ಸರ್ಟಿಫಿಕೇಟನ್ನು ಮೊದಲ ದಿನದಿಂದಲೇ ಒಂದು ಫೈಲಿನಲ್ಲಿ ಹಾಕಿಡಿ.