ಸೋಯಾಬೀನ್ ಸಾಲಿನಲ್ಲಿ ತಾನಾಗಿ ಎದ್ದ ಗೋವಿನಜೋಳವನ್ನು ಮೇವಿಗೆ ಬಿಡಬಹುದೇ?

ಬಿತ್ತಿ 22 ದಿನ ಆಗಿದೆ, ಹಿಂದಿನ ಬೆಳೆಯ ಗೋವಿನಜೋಳ ಅಲ್ಲಲ್ಲಿ ಎದ್ದಿದೆ, ಇನ್ನೊಂದು ಇಪ್ಪತ್ತು ದಿನ ಬಿಟ್ಟು ಎಮ್ಮೆಗೆ ಕೊಯ್ಯಲೇ, ಇಲ್ಲಾ ಈಗಲೇ ಔಷಧಿ ಹೊಡೆಯಲೇ ಅಂತ ಕೇಳಿದ್ದೀರಿ. ಓದಿ ನಗುವೂ ಬಂತು, ಹೊಟ್ಟೆಯೂ ಉರಿಯಿತು. 2021ರಲ್ಲಿ ನಾನೂ ಇದೇ ಲೆಕ್ಕ ಹಾಕಿ ಕೂತಿದ್ದೆ.

ನಮ್ಮದು ಬೈಲಹೊಂಗಲದ ಕಡೆ ಎರೆ ಹೊಲ. ಬೋರ್‌ವೆಲ್ ನೀರಿರುವ ಎರಡು ಎಕರೆಯಲ್ಲಿ ಬೇಸಿಗೆ ಗೋವಿನಜೋಳ ಇತ್ತು. ಮೇ ತಿಂಗಳ ಲಾಕ್‌ಡೌನ್‌ನಲ್ಲಿ ಆಳು ಸಿಗಲಿಲ್ಲ. ಸಿಕ್ಕ ನಾಲ್ಕು ಮಂದಿ ಅವಸರದಲ್ಲಿ ತೆನೆ ಮುರಿದು ಹೋದರು, ನೆಲಕ್ಕೆ ಬಿದ್ದದ್ದನ್ನು ಯಾರೂ ಬಗ್ಗಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅದರ ಮೇಲೇ ರೋಟಾವೇಟರ್ ಹೊಡೆಸಿ, ಮಿರಗದ ಮಳೆಗೆ ಜೆಎಸ್ 335 ತಳಿಯ ಸೋಯಾ ಬಿತ್ತಿದೆ.

ಸೋಯಾ ಇನ್ನೂ ಎರಡೆಲೆ ಬಿಚ್ಚಿಕೊಳ್ಳುತ್ತಿರುವಾಗ ಗೋವಿನಜೋಳ ಆಗಲೇ ಗೇಣುದ್ದ ಆಗಿತ್ತು. ಒಂಟಿ ಗಿಡಗಳಿಗಿಂತ ಗುಂಪುಗಳೇ ಹೆಚ್ಚು. ಒಂದು ಗುಂಪು ಕಿತ್ತು ನೋಡಿದೆ. ಮಣ್ಣೊಳಗೆ ಒಂದಿಡೀ ತೆನೆ ಅಡ್ಡ ಮಲಗಿತ್ತು, ಅದರ ಮೇಲ್ಮಗ್ಗುಲಿನ ಕಾಳೆಲ್ಲ ಮೊಳೆತು ಬಾಚಣಿಗೆಯ ಹಲ್ಲಿನ ಹಾಗೆ ಸಸಿಗಳು. ಎಣಿಸಿದೆ, 31. ಬಿತ್ತದೇ ಬಂದ ಮೇವು ಅಂತ ಖುಷಿಯಾಯಿತು. ಬುದ್ಧಿ ಹಾಗೆ ಓಡಿತು, ಏನು ಮಾಡೋದು.

ನನ್ನ ತಪ್ಪು ಇದೊಂದೇ, ಬಿಡಿಸಿ ಹೇಳುತ್ತೇನೆ. ಮರೆತದ್ದಲ್ಲ, ಸೋಮಾರಿತನವೂ ಅಲ್ಲ. ಬೇಕಂತಲೇ ಬಿಟ್ಟೆ. 20ನೇ ದಿನಕ್ಕೆ ಸಾಲುಗಳ ನಡುವಿನ ಕಸಕ್ಕೆ ಎಡೆ ಹೊಡೆಯುವಾಗ ಸಾಲಿನಿಂದ ಹೊರಗೆ ಚಾಚಿದ ದೊಡ್ಡ ಗುಂಪು ಬಂದಲ್ಲೆಲ್ಲ ಎತ್ತು ನಿಲ್ಲಿಸಿ, ಎಡೆಕುಂಟೆ ಎತ್ತಿ ದಾಟಿಸಿ, ಮುಂದೆ ಮತ್ತೆ ಊರಿದೆ. ಕಸ ತೆಗೆಯಲು ಬಂದ ಹೆಣ್ಣಾಳುಗಳಿಗೂ ಅದನ್ನು ಮುಟ್ಟಬೇಡಿ ಅಂದೆ. ಪಕ್ಕದ ಹೊಲದವರು ಬದುವಿನ ಮೇಲೆ ನಿಂತು "ಏನ್ರೀ, ಸೋಯಾ ಬಿತ್ತೀರೋ ಗೋವಿನಜೋಳ ಬಿತ್ತೀರೋ" ಅಂದರು. ನಕ್ಕೆ. ನನ್ನ ಲೆಕ್ಕ ಹೀಗಿತ್ತು: 40 ದಿನಕ್ಕೆ ಎದೆಯುದ್ದ ಮೇವು ಬರುತ್ತದೆ, ಆಗ ಕೊಯ್ದರೆ ಸೋಯಾಕ್ಕೆ ಇನ್ನೂ 55 ದಿನ ಇರುತ್ತದೆ, ಸುಧಾರಿಸಿಕೊಳ್ಳುತ್ತದೆ. ಹೇಗೂ ಸೋಯಾ ಗಾಳಿಯಿಂದ ಸಾರಜನಕ ಹಿಡಿಯುವ ಬೆಳೆ, ಗೊಬ್ಬರಕ್ಕೆ ಜಗಳವಿಲ್ಲ.

ಎರಡೂ ಸುಳ್ಳು. ಆ ಸಾರಜನಕ ಹಿಡಿಯುವ ಬೇರಿನ ಗಂಟುಗಳು ಕೆಲಸ ಶುರು ಮಾಡಲು ಮೂರ್ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಸೋಯಾ ಮಣ್ಣಿನದ್ದನ್ನೇ ತಿನ್ನಬೇಕು. ಅದೇ ಹೊತ್ತಿಗೆ ಗೋವಿನಜೋಳ ಬಕಾಸುರನ ಹಾಗೆ ಉಣ್ಣುತ್ತಿರುತ್ತದೆ. ಸುಧಾರಿಸಿಕೊಳ್ಳುವ ಮಾತಂತೂ ಇನ್ನೂ ಸುಳ್ಳು. ಸೋಯಾಕ್ಕೆ ಕಸದ ಪೈಪೋಟಿ ಜೋರಾಗಿ ತಟ್ಟುವುದೇ ಬಿತ್ತಿದ 15ರಿಂದ 45 ದಿನದೊಳಗೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿ, ಅದರಾಚೆಯ ದೂರಗೆಂಪು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಪಕ್ಕದಿಂದ ಬರುವ ಆ ಬೆಳಕಿನಿಂದಲೇ ಸೋಯಾಕ್ಕೆ ನೆರೆಯವನ ಸುಳಿವು ಸಿಗುತ್ತದೆ, ಮೈಮೇಲೆ ನೆರಳು ಬೀಳುವುದಕ್ಕೂ ಮೊದಲೇ. ಆಗ ಅದು ಟೊಂಗೆ ಒಡೆಯುವುದು ಬಿಟ್ಟು ಎತ್ತರಕ್ಕೆ ಓಡುತ್ತದೆ. ಆಮೇಲೆ ನೀವು ನೆರೆಯವನನ್ನು ಎತ್ತಿ ಒಗೆದರೂ ಕಳೆದುಹೋದ ಟೊಂಗೆ ಪೂರ್ತಿ ವಾಪಸ್ ಬರುವುದಿಲ್ಲ.

ಇನ್ನು ನನ್ನ 40ನೇ ದಿನ. ಜುಲೈ ಕೊನೆ, ನೆನಪಿರಬೇಕು, ಬೆಳಗಾವಿ ಜಿಲ್ಲೆಯೆಲ್ಲ ನೀರು ನೀರು. ಎರೆ ಮಣ್ಣಿನಲ್ಲಿ ಮೊಣಕಾಲ ತನಕ ಹೂತುಹೋಗುವಾಗ ಮೇವು ಕೊಯ್ಯುವುದೆಲ್ಲಿ? ಒಳಗೆ ಕಾಲಿಟ್ಟದ್ದು 53ನೇ ದಿನಕ್ಕೆ. ಮೊದಲ ಗುಂಪಿಗೆ ಕೈ ಹಾಕಿ ಜಗ್ಗಿದರೆ ಗೋವಿನಜೋಳದ ಜೊತೆ ಮೂರು ಸೋಯಾ ಗಿಡವೂ ಕಿತ್ತುಬಂತು, ಬೇರಿಗೆ ಬೇರು ಹೆಣೆದುಕೊಂಡು. ಗುಂಪಿನ ಸುತ್ತಲ ಸೋಯಾ ಬೆರಳಿಗಿಂತ ತೆಳ್ಳಗೆ, ಬೀಳುವ ಹಾಗೆ ವಾಲಿತ್ತು. ಕೆಳಗಿನ ಗೆಣ್ಣುಗಳೆಲ್ಲ ಬರಿದು, ತುದಿಯಲ್ಲಿ ನಾಲ್ಕು ಹೂ. ಕಸ ನೀರು ಕದಿಯುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ಆ ವರ್ಷ ನೀರಿಗೇನೂ ಬರವಿರಲಿಲ್ಲ. ಆದರೂ ಹೀಗೆ.

ಮೇವು ಸಿಕ್ಕಿದ್ದು ಹತ್ತು ದಿನದ್ದು, ಅದರಲ್ಲೂ ಅರ್ಧಕ್ಕೆ ಸುಳಿಯಲ್ಲಿ ಸೈನಿಕ ಹುಳ (ಫಾಲ್ ಆರ್ಮಿವರ್ಮ್). ನಮ್ಮ ದೇಶದಲ್ಲಿ ಅದು ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲೇ. ತಾನಾಗಿ ಎದ್ದ ಗೋವಿನಜೋಳ ಅದಕ್ಕೆ ಒಳ್ಳೆಯ ತಂಗುದಾಣ. ಸೋಯಾ, ಗುಂಪಿಲ್ಲದ ಎಕರೆಯಲ್ಲಿ 8 ಕ್ವಿಂಟಲ್, ಗುಂಪಿದ್ದ ಎಕರೆಯಲ್ಲಿ 5. ಬೆಂಬಲ ಬೆಲೆ 3,950 ಇದ್ದ ಆ ವರ್ಷ ಪೇಟೆಯ ದರ ಅದಕ್ಕಿಂತ ಎಷ್ಟೋ ಮೇಲಿತ್ತು, ಅಂಥ ಹೊತ್ತಲ್ಲಿ ಮೂರು ಕ್ವಿಂಟಲ್ ಹೋಯಿತು. ಸಾಲದ್ದಕ್ಕೆ, ಕಣ್ಣು ತಪ್ಪಿ ಉಳಿದ ಗಿಡಗಳ ಹಸಿ ತೆನೆ ಒಕ್ಕುವ ಯಂತ್ರಕ್ಕೂ ಹೋಗಿ ಕಾಳು ಬೆರೆಯಿತು. ತೇವ ಶೇ. 12 ದಾಟಿದೆ ಅಂತ ಖರೀದಿದಾರ ದರ ಇಳಿಸಿದ. ತೆನೆಯಾದರೂ ಸಿಗುತ್ತದೆ ಅಂತಲೂ ಎಣಿಸಬೇಡಿ. ಹೈಬ್ರಿಡ್‌ನ ಉದುರು ಕಾಳಿನಿಂದ ಬಂದ ಗಿಡ ತಾಯಿಯ ಹಾಗೆ ಇರುವುದಿಲ್ಲ, ಒಂದೊಂದೂ ಒಂದೊಂದು ಥರ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೇವೋ ಔಷಧಿಯೋ ಅಂತ ಆರಿಸುವ ಹಂತ ಇದಲ್ಲ, ಆ ಮೇವು ಪುಕ್ಕಟೆಯೂ ಅಲ್ಲ. ಎಮ್ಮೆಗೆ ಬೇಕಿದ್ದರೆ ಬದುವಿನ ಮೇಲೆ ನೇಪಿಯರ್ ಹುಲ್ಲು ಹಚ್ಚಿ.

ಔಷಧಿ ಬೇಕೇ ಬೇಕು ಅಂದರೆ ಕ್ವಿಜಾಲೊಫಾಪ್ ಈಥೈಲ್ ಥರದ, ಹುಲ್ಲಿನ ಜಾತಿಯನ್ನಷ್ಟೇ ಕೊಲ್ಲುವಂಥದ್ದು. ಅಗಲೆಲೆಯ ಸೋಯಾಕ್ಕೆ ಅದು ತೊಂದರೆ ಮಾಡುವುದಿಲ್ಲ. ಒಂಟಿ ಗಿಡ ಇನ್ನೂ ಎಳೆಯದಾಗಿದ್ದಾಗ ಚೆನ್ನಾಗಿ ಸಾಯುತ್ತದೆ. ಗುಂಪಿನಲ್ಲಿ ಮಾತ್ರ ಹೊರಗಿನ ಎಲೆ ಒಳಗಿನ ಸಸಿಗಳಿಗೆ ಕೊಡೆ ಹಿಡಿಯುತ್ತದೆ, ಹನಿ ತಾಗುವುದಿಲ್ಲ. ಅಗಲೆಲೆ ಕಸದ ಔಷಧಿಯನ್ನು ಒಂದೇ ಟ್ಯಾಂಕಿಗೆ ಸುರಿದರೆ ಇದರ ಕಸುವು ಕುಗ್ಗುವುದೂ ಉಂಟು. ಹೊಡೆದದ್ದನ್ನು ದನಕ್ಕೆ ಹಾಕಬೇಡಿ.

ನಾನೀಗ ಕಟಾವಾದ ಮೇಲೆ ಮೊದಲು ತೆನೆ ಆಯಿಸಿ, ಆಮೇಲೆ ಕುರಿ ನಿಲ್ಲಿಸುತ್ತೇನೆ. (ಆಯಿಸದೇ ಬಿಟ್ಟರೆ ಕುರಿ ಕಾಳು ತಿಂದು ಹೊಟ್ಟೆ ಉಬ್ಬಿ ಸಾಯುತ್ತದೆ, ಕುರುಬರು ನಿಮ್ಮನ್ನು ಬಿಡುವುದಿಲ್ಲ.) ರೋಹಿಣಿ ಮಳೆಗೆ ಉಳಿದದ್ದೆಲ್ಲ ಮೊಳೆಯಲಿ ಅಂತ ಕಾದು, ಒಂದು ಸಲ ಕುಂಟೆ ಹೊಡೆದು ಬಿತ್ತುತ್ತೇನೆ. ವಾರ ತಡವಾಗುತ್ತದೆ, ಆಗಲಿ.

ನಿಮಗೆ ಆ ಕಾಲ ಮುಗಿದಿದೆ. ನಾಳೆ ಬೆಳಿಗ್ಗೆ ನೆಲ ಹಸಿ ಇರುವಾಗಲೇ ಇಬ್ಬರು ಆಳು ಇಳಿಸಿ. ಎಲೆ ಹಿಡಿದು ಜಗ್ಗಿದರೆ ತುಂಡಾಗಿ ಮತ್ತೆ ಚಿಗುರುತ್ತದೆ. ಕುರುಪಿ ಹಾಕಿ, ಕೆಳಗಿನ ತೆನೆಯ ಬೆಂಡು ಕೈಗೆ ಬರುವವರೆಗೆ ಎಬ್ಬಿಸಿ. ಕಿತ್ತದ್ದನ್ನು ಸಾಲಿನಲ್ಲಿ ಬಿಟ್ಟರೆ ಜಡಿಮಳೆಗೆ ಮತ್ತೆ ಬೇರೂರುತ್ತದೆ, ಬುಟ್ಟಿಗೆ ತುಂಬಿ ಮನೆಗೆ ಒಯ್ಯಿರಿ. ಔಷಧಿ ತಾಗದ ಎಳೆ ಗೋವಿನಜೋಳ ಎಮ್ಮೆ ಈಗಲೂ ತಿನ್ನುತ್ತದೆ.